ಜೀವಕೋಶದ ಚಪ್ಪರ

ಎಲುಬೆಂದರೆ ಗಟ್ಟಿತನ, ಗಟ್ಟಿತನವೆಂದರೆ ಅಲುಗದಿರುವಿಕೆ ಎಂಬುದು ಲೋಕದ ಸಾಮಾನ್ಯ ಭಾವನೆ. ಮನೆತನದ ಭಾರವನ್ನು ಹೊತ್ತವನನ್ನು ಮನೆಗೆ ಕಂಬದಂತಿರುವನೆಂದು ಹೊಗಳುವುದುಂಟು. ಕಂಬವು ನೆಟ್ಟಲ್ಲಿ ನಿಲ್ಲಬೇಕು, ತೊಲೆಯು ಬಾಗಬಾರದು, ತಳಹದಿಯು ಕದಲಬಾರದು. ಮನೆ ಕಟ್ಟಿಸಿದವರೆಲ್ಲರೂ ಬಲ್ಲ ಮಾತಿದು. ಹೀಗಿರುವಲ್ಲಿ, ಕ್ಷಣಕ್ಷಣವೂ ತನ್ನ ಕಂಬಗಳನ್ನು ತಾನೇ ಬಿಚ್ಚಿ, ಬಿಚ್ಚಿದ ಮರವನ್ನೇ ಮತ್ತೊಂದೆಡೆ ನೆಟ್ಟು, ಆ ಬಿಚ್ಚುವಿಕೆಯಿಂದಲೇ ಬೀಳದೆ ಉಳಿದಿರುವ ಮನೆಯೊಂದುಂಟೆಂದರೆ ನಂಬುವವರು ಯಾರು? ಆದರೆ ಅಂಥ ಮನೆಗಳು ಪ್ರತಿಯೊಬ್ಬರ ದೇಹದಲ್ಲಿಯೂ ಕೋಟ್ಯನುಕೋಟಿಯಾಗಿವೆ. ಅವಕ್ಕೆ ಜೀವಕೋಶಗಳೆಂದು ಹೆಸರು. ಆ ಮನೆಗಳ ಮರಮುಟ್ಟುಗಳಲ್ಲಿ ಮುಖ್ಯವಾದುದು ಆಕ್ಟಿನ್ ಎಂಬ ಪ್ರೋಟೀನು.

ಜೀವಕೋಶವೆಂದರೆ ತೆಳ್ಳನೆಯ ಪೊರೆಯೊಳಗೆ ತುಂಬಿದ ಲೋಳೆಯೆಂದು ಬಹುಕಾಲ ನಂಬಿಕೆಯಿದ್ದಿತು. ಶಾಲೆಯ ಪುಸ್ತಕದ ಚಿತ್ರಗಳಲ್ಲಿಯೂ ಅದು ನಡುವೆ ಚುಕ್ಕೆಯಿಟ್ಟ ದುಂಡನೆಯ ಚೀಲವಾಗಿಯೇ ಕಾಣುತ್ತದೆ. ಆದರೆ ಲೋಳೆಯ ಚೀಲಕ್ಕೆ ತನ್ನದೆಂಬ ಆಕಾರವಿರಲಾರದು. ನೀರು ತುಂಬಿದ ತೊಗಲಿನ ಚೀಲವನ್ನು ನೆಲದ ಮೇಲಿಟ್ಟರೆ ಅದು ನೆಲವಿದ್ದಂತೆ ಹರಡಿಕೊಳ್ಳುವುದಲ್ಲದೆ ತಾನಾಗಿ ಎದ್ದು ನಿಲ್ಲುವುದಿಲ್ಲ. ದೇಹದ ಕೋಶಗಳು ಹಾಗಲ್ಲ. ಬೆನ್ನುಹುರಿಯ ಬುಡದಿಂದ ಕಾಲ್ಬೆರಳಿನವರೆಗೆ ಸಾಗುವ ನರಕೋಶದ ತಂತು ಸುಮಾರು ಒಂದು ಮೀಟರು ಉದ್ದವಿದ್ದೂ ಕಡಿದುಹೋಗದು. ಕರುಳಿನ ಒಳಗೋಡೆಯ ಕೋಶವು ತನ್ನ ನೆತ್ತಿಯ ಮೇಲೆ ಸಾವಿರಾರು ಸೂಕ್ಷ್ಮವಾದ ಬೆರಳುಗಳನ್ನು ನೆಟ್ಟಗೆ ನಿಲ್ಲಿಸಿಕೊಂಡಿರುತ್ತದೆ. ರಕ್ತದ ಬಿಳಿಯ ಕಣವು ಕಾಲಿಲ್ಲದೆಯೇ ತೆವಳಿ ರೋಗಾಣುವನ್ನು ಬೆನ್ನಟ್ಟುತ್ತದೆ. ಒಳಗೆ ಏನೋ ಒಂದು ಕಟ್ಟು ಇರಲೇಬೇಕೆಂಬ ಅನುಮಾನವು ಪ್ರಾಜ್ಞರಿಗೆ ಹುಟ್ಟಿದುದು ಸಹಜವೇ. ೧೯೩೧ರಲ್ಲಿ ಪಾಲ್ ವಿಂಟ್ರಬೇರ್ ಎಂಬ ಫ್ರೆಂಚ್ ಭ್ರೂಣಶಾಸ್ತ್ರಜ್ಞನು ಈ ಕಟ್ಟಿಗೆ ಕೋಶದ ಅಸ್ಥಿಪಂಜರವೆಂಬ ಅರ್ಥದ ಹೆಸರನ್ನೂ ಕೊಟ್ಟನು. ಹೆಸರೇನೋ ದೊರೆಯಿತು, ವಸ್ತುವು ಮಾತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಅದು ಸಿಕ್ಕಿದುದು, ಯಾರೂ ಅದನ್ನು ಹುಡುಕದಿದ್ದ ಕಡೆಯಲ್ಲಿ: ಸ್ನಾಯುವಿನಲ್ಲಿ. ತೋಳನ್ನು ಮಡಿಸಿದರೆ ಮಾಂಸವು ಏಕೆ ಗಂಟುಕಟ್ಟುತ್ತದೆಂಬುದು ಹಳೆಯ ಪ್ರಶ್ನೆ. ೧೮೬೪ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆಯು ಸ್ನಾಯುವಿನಿಂದ ಒಂದು ಪ್ರೋಟೀನನ್ನು ತೆಗೆದು ಅದಕ್ಕೆ ಮಯೋಸಿನ್ ಎಂದು ಹೆಸರಿಟ್ಟಿದ್ದನು. ೧೯೩೯ರಲ್ಲಿ ಮಾಸ್ಕೋ ನಗರದ ಎಂಗಲ್‌ಹಾರ್ಟ್ ಮತ್ತು ಲ್ಯುಬಿಮೋವಾ ಎಂಬ ದಂಪತಿಗಳು, ಮಯೋಸಿನ್ ಸುಮ್ಮನೆ ಬಿದ್ದಿರುವ ಹುರಿಯಲ್ಲ, ದೇಹದ ಕೆಲಸಗಳಿಗೆಲ್ಲ ಇಂಧನದಂತಿರುವ ಎ.ಟಿ.ಪಿ. ಎಂಬ ಪದಾರ್ಥವನ್ನು ಅದೇ ಒಡೆಯುತ್ತದೆ ಎಂದು ತೋರಿಸಿದರು. ಉರಿಯುವ ಒಲೆಯೂ ದುಡಿಯುವ ಯಂತ್ರವೂ ಒಂದೇ ಎಂದಂತಾಯಿತು. ಯೂರೋಪಿನಲ್ಲಿ ಯುದ್ಧವು ಹೊತ್ತಿದ ವರ್ಷವದು. ಆ ಸುದ್ದಿಯನ್ನು ಕಿವಿಗೊಟ್ಟು ಕೇಳಿದವರಲ್ಲಿ ಹಂಗೆರಿಯ ಸೆಗೆಡ್ ಎಂಬ ಊರಿನ ಪ್ರಾಧ್ಯಾಪಕನೊಬ್ಬನಿದ್ದನು.

ಸೆಗೆಡ್ ಟೀಸಾ ನದಿಯ ದಂಡೆಯ ಮೇಲಿರುವ ನಗರ. ಅಲ್ಲಿಯ ಕೆಂಪು ಮೆಣಸಿನಕಾಯಿಗೆ ದೊಡ್ಡ ಹೆಸರು. ಅಲ್ಲಿಯ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಅದೇ ಮೆಣಸಿನಕಾಯಿಯಿಂದ ಸಿ ಜೀವಸತ್ತ್ವವನ್ನು ಹೇರಳವಾಗಿ ತೆಗೆದಿದ್ದನು. ೧೯೩೭ರಲ್ಲಿ ನೊಬೆಲ್ ಬಹುಮಾನವನ್ನೂ ಪಡೆದಿದ್ದನು. ಬಹುಮಾನ ಬಂದ ಮೇಲೆ ಅದೇ ದಾರಿಯಲ್ಲಿ ನೆಮ್ಮದಿಯಾಗಿ ನಡೆಯುವವರು ಬಹಳ. ಈತನಾದರೋ ಆ ದಾರಿಯನ್ನು ಬಿಟ್ಟು, ಪರಿಚಯವಿಲ್ಲದ ಸ್ನಾಯುವಿನ ವಿಚಾರಕ್ಕೆ ಕೈಹಾಕಿದನು. ಆತನೊಡನೆ ದುಡಿಯುತ್ತಿದ್ದವರಲ್ಲಿ ಇಲೋನಾ ಬಾಂಗಾ ಎಂಬ ವಿದುಷಿಯೂ, ಬ್ರೂನೋ ಸ್ಟ್ರೌಬ್ ಎಂಬ ತರುಣನೂ ಇದ್ದರು.

ಮೊಲದ ಮಾಂಸವನ್ನು ಅರೆದು, ಉಪ್ಪಿನ ನೀರಿನಲ್ಲಿ ಕಲಸಿ, ಇಪ್ಪತ್ತು ನಿಮಿಷ ಬಿಟ್ಟು ಸೋಸುವುದು ಅವರ ಪದ್ಧತಿಯಾಗಿದ್ದಿತು. ಹೀಗೆ ಬಂದ ಮಯೋಸಿನ್ ನೀರಿನಂತೆ ತೆಳ್ಳಗಿರುತ್ತಿದ್ದಿತು. ಒಂದು ಸಲ ಬಾಂಗಾ ಆ ಕಲಸಿದ ಮಾಂಸವನ್ನು ಸೋಸದೆ ರಾತ್ರಿಯೆಲ್ಲ ಹಾಗೆಯೇ ಬಿಟ್ಟಳು. ಮರುದಿನ ನೋಡಿದರೆ ಅದು ಗಂಜಿಯಂತೆ ದಪ್ಪನಾಗಿದ್ದಿತು. ಅದೇ ಮಾಂಸ, ಅದೇ ಉಪ್ಪು. ಆದರೂ ಗುಣ ಬೇರೆ. ಈ ಗಂಜಿಗೆ ಎ.ಟಿ.ಪಿ.ಯನ್ನು ಸೇರಿಸಿದೊಡನೆ ಅದು ಮತ್ತೆ ತೆಳ್ಳಗಾಯಿತು. ತೆಳ್ಳನೆಯ ದ್ರವಕ್ಕೆ ಸೇರಿಸಿದರೆ ಹೆಚ್ಚಿನ ಬದಲಾವಣೆಯೇನೂ ಕಾಣಲಿಲ್ಲ. ಇಂಥದನ್ನು ಕೈತಪ್ಪೆಂದು ಬಗೆದು ಚೆಲ್ಲಿಬಿಡುವ ಪ್ರಯೋಗಶಾಲೆಗಳು ಎಷ್ಟಿಲ್ಲ! ಅವರು ಚೆಲ್ಲಲಿಲ್ಲ. ರಾತ್ರಿಯ ಹೊತ್ತಿನಲ್ಲಿ ಮಾಂಸದಿಂದ ಮತ್ತೊಂದು ವಸ್ತು ಮೆಲ್ಲಗೆ ಹೊರಬಂದು ಮಯೋಸಿನ್‌ನೊಡನೆ ಕೂಡಿಕೊಂಡಿರಬೇಕೆಂದು ಊಹಿಸಿ, ಸ್ಟ್ರೌಬ್ ಅದನ್ನು ಬೇರ್ಪಡಿಸಲು ತೊಡಗಿದನು. ಮೊದಲು ಮಯೋಸಿನ್‌ಅನ್ನು ತೊಳೆದು ತೆಗೆದು, ಉಳಿದ ಮಾಂಸವನ್ನು ಅಸಿಟೋನಿನಿಂದ ಒಣಗಿಸಿ ಪುಡಿಮಾಡಿ, ಆ ಪುಡಿಯಿಂದ ಹೊಸ ಪ್ರೋಟೀನನ್ನು ನೀರಿಗೆ ಇಳಿಸಿದನು. ಇದು ೧೯೪೨ರ ಮಾತು. ಆಗ ಆತನಿಗೆ ಇಪ್ಪತ್ತೆಂಟು ವರ್ಷ. ಮಯೋಸಿನ್‌ಗೆ ಚೇತನ ಕೊಡುವ ವಸ್ತುವಾದುದರಿಂದ ಅದಕ್ಕೆ ಆಕ್ಟಿನ್ ಎಂದು ಹೆಸರಾಯಿತು.

ಗಂಜಿಯಂಥ ಆ ದ್ರವದಿಂದ ಸೆಂಟ್ ಗ್ಯೋರ್ಗಿ ಸಣ್ಣ ಎಳೆಗಳನ್ನು ಮಾಡಿ, ಅವುಗಳ ಮೇಲೆ ಕುದಿಸಿದ ಸ್ನಾಯುವಿನ ರಸವನ್ನು ಹಾಕಿದಾಗ, ಜೀವವಿಲ್ಲದ ಆ ಎಳೆಗಳು ಕಣ್ಣೆದುರಿಗೇ ಕುಗ್ಗಿದವು. ರಸದಲ್ಲಿದ್ದ ಎ.ಟಿ.ಪಿ.ಯೇ ಅದಕ್ಕೆ ಕಾರಣ. ಪ್ರಾಣಿಯಿಲ್ಲ, ನರವಿಲ್ಲ, ರಕ್ತವಿಲ್ಲ. ಗಾಜಿನ ತಟ್ಟೆಯಲ್ಲಿ ಎರಡು ಪ್ರೋಟೀನುಗಳು ಮಾತ್ರ. ಜೀವದ ಅತಿಪ್ರಾಚೀನ ಲಕ್ಷಣವಾದ ಚಲನೆಯು ಮೊಟ್ಟಮೊದಲಿಗೆ ದೇಹದ ಹೊರಗೆ ಕಾಣಿಸಿಕೊಂಡ ಆ ಗಳಿಗೆಯೇ ತನ್ನ ಬಾಳಿನ ಅತ್ಯಂತ ರೋಮಾಂಚಕರವಾದ ಗಳಿಗೆಯೆಂದು ಆತನು ಮುಂದೆ ಹೇಳಿಕೊಂಡಿದ್ದಾನೆ. ನೊಬೆಲ್ ಬಹುಮಾನ ಪಡೆದ ದಿನಕ್ಕಿಂತಲೂ ಈ ದಿನವನ್ನು ದೊಡ್ಡದೆಂದು ಬಗೆದವನ ಮನಸ್ಸು ಎಂಥದೆಂಬುದು ಇದರಿಂದ ತಿಳಿಯುತ್ತದೆ.

ಈ ಕೆಲಸವೆಲ್ಲ ನಡೆದುದು ಯುದ್ಧದ ಉರಿಯ ನಡುವೆ ಎಂಬುದನ್ನು ಮರೆಯಲಾಗದು. ಹಂಗೆರಿಯು ಆಗ ಜರ್ಮನಿಯ ಪಕ್ಷದಲ್ಲಿದ್ದಿತು. ಹೊರಗಿನ ಪತ್ರಿಕೆಗಳು ಬರುತ್ತಿರಲಿಲ್ಲ. ಒಳಗಿನ ಲೇಖನಗಳು ಹೊರಗೆ ಹೋಗುತ್ತಿರಲಿಲ್ಲ. ಆಕ್ಟಿನ್ನಿನ ಸಮಾಚಾರವನ್ನು ಸೆಗೆಡ್ಡಿನವರು ತಮ್ಮ ಸಂಸ್ಥೆಯ ಹೊತ್ತಗೆಗಳಲ್ಲಿಯೇ ಅಚ್ಚುಹಾಕಿಸಿದರು. ಲೋಕವು ಅದನ್ನು ಚೆನ್ನಾಗಿ ಓದಿದುದು ಯುದ್ಧ ಮುಗಿದ ಮೇಲೆ. ಸೆಂಟ್ ಗ್ಯೋರ್ಗಿ ಪ್ರಯೋಗಶಾಲೆಯಲ್ಲಿಯೇ ಕುಳಿತಿರಲೂ ಇಲ್ಲ. ೧೯೪೩ರಲ್ಲಿ ಉಪನ್ಯಾಸದ ನೆವದಿಂದ ಇಸ್ತಾಂಬುಲ್ ನಗರಕ್ಕೆ ಹೋಗಿ, ತನ್ನ ದೇಶವನ್ನು ಯುದ್ಧದಿಂದ ಬಿಡಿಸುವ ಸಲುವಾಗಿ ಮಿತ್ರರಾಷ್ಟ್ರಗಳವರೊಡನೆ ಗುಟ್ಟಾಗಿ ಮಾತನಾಡಿದನು. ಗುಟ್ಟು ಜರ್ಮನರಿಗೆ ತಿಳಿಯಿತು. ೧೯೪೪ರಲ್ಲಿ ಜರ್ಮನ್ ಸೈನ್ಯವು ಹಂಗೆರಿಯನ್ನು ಆಕ್ರಮಿಸಿದ ಬಳಿಕ ಆತನು ಗೆಸ್ಟಾಪೋ ಪೊಲೀಸರ ಕಣ್ಣಿಗೆ ಬೀಳದಂತೆ ಯುದ್ಧದ ಕೊನೆಯ ತಿಂಗಳುಗಳನ್ನು ಅಡಗಿಯೇ ಕಳೆದನು. ಸ್ವೀಡನ್ ದೇಶದ ರಾಯಭಾರಿ ಕಚೇರಿಯವರು ಆತನಿಗೆ ನೆರವಾದರು.

ಇತ್ತ ಸೆಗೆಡ್ಡಿನ ಪ್ರಯೋಗಶಾಲೆಯನ್ನು ಕಾದವಳು ಇಲೋನಾ ಬಾಂಗಾ. ಯುದ್ಧವು ಊರಿನ ಬಾಗಿಲಿಗೆ ಬಂದಾಗ, ಒಳಗೆ ಅಂಟುರೋಗದ ಪದಾರ್ಥಗಳಿವೆಯೆಂದು ಆಕೆ ಬಾಗಿಲುಗಳಿಗೆ ಫಲಕಗಳನ್ನು ತೂಗುಹಾಕಿದಳೆಂದೂ, ಆ ಹೆದರಿಕೆಯಿಂದಲೇ ಉಪಕರಣಗಳು ಸೈನಿಕರ ಕೈಗೆ ಸಿಕ್ಕದೆ ಉಳಿದುವೆಂದೂ ಹೇಳುತ್ತಾರೆ. ಬಂದೂಕಿಗೆ ಎದುರಾಗಿ ಒಂದು ಹಲಗೆ, ನಾಲ್ಕು ಅಕ್ಷರ! ವಿಜ್ಞಾನದ ಚರಿತ್ರೆಯಲ್ಲಿ ಕಂಡುಹಿಡಿದವರ ಹೆಸರುಗಳಿಗೆ ಸಿಕ್ಕುವಷ್ಟು ಸ್ಥಳ ಕಾಪಾಡಿದವರ ಹೆಸರುಗಳಿಗೆ ಸಿಕ್ಕುವುದಿಲ್ಲ. ಬಾಂಗಾ ಎರಡನ್ನೂ ಮಾಡಿದವಳು.

ಮುಂದೆ ಸುಮಾರು ಇಪ್ಪತ್ತು ವರ್ಷ ಆಕ್ಟಿನ್ ಸ್ನಾಯುವಿನ ಸೊತ್ತೆಂದೇ ಎಲ್ಲರೂ ತಿಳಿದಿದ್ದರು. ೧೯೬೬ರಲ್ಲಿ ಜಪಾನಿನ ಹತಾನೋ ಮತ್ತು ಊಸಾವಾ ಎಂಬವರು, ಕೊಳೆತ ಮರದ ಮೇಲೆ ಹಳದಿಯ ಲೋಳೆಯಾಗಿ ಹರಡಿಕೊಳ್ಳುವ ಫೈಸೇರಮ್ ಎಂಬ ಕ್ಷುದ್ರಜೀವಿಯಿಂದಲೂ ಆಕ್ಟಿನ್ನನ್ನು ತೆಗೆದು ತೋರಿಸಿದರು. ಸ್ನಾಯುವೇ ಇಲ್ಲದ ಪ್ರಾಣಿಗೆ ಸ್ನಾಯುವಿನ ಪ್ರೋಟೀನು ಏತಕ್ಕೆ? ೧೯೬೯ರಲ್ಲಿ ಇಶಿಕಾವಾ ಮತ್ತು ಆತನ ಜೊತೆಗಾರರು ಮಯೋಸಿನ್ನಿನ ತುಂಡುಗಳನ್ನು ನಾನಾ ಬಗೆಯ ಕೋಶಗಳೊಳಗೆ ಬಿಟ್ಟು, ಅವು ಅಲ್ಲಿಯ ಸಣ್ಣ ಎಳೆಗಳನ್ನು ಬಾಣದ ಮೊನೆಗಳ ಸಾಲಿನಂತೆ ಅಲಂಕರಿಸಿದುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಆಕ್ಟಿನ್ನಿಗೆ ಮಾತ್ರ ಮಯೋಸಿನ್ ಹಾಗೆ ಹತ್ತಿಕೊಳ್ಳುವುದು. ಆದುದರಿಂದ ಆ ಎಳೆಗಳು ಆಕ್ಟಿನ್ನೇ ಎಂಬುದು ಸಿದ್ಧವಾಯಿತು. ೧೯೭೪ರಲ್ಲಿ ಲಜರೈಡಿಸ್ ಮತ್ತು ವೇಬರ್ ಎಂಬವರು, ಆಕ್ಟಿನ್ನನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣದ ಗುರುತನ್ನು ಕೊಟ್ಟು ಚರ್ಮದ ಕೆಳಗಣ ಅಂಗಾಂಶದ ಕೋಶಗಳ ಮೇಲೆ ಪ್ರಯೋಗಿಸಿದರು. ಕತ್ತಲೆಯಲ್ಲಿ ಕೋಶದ ಒಂದು ತುದಿಯಿಂದ ಮತ್ತೊಂದು ತುದಿಗೆ ಎಳೆದು ಕಟ್ಟಿದ ಹಗ್ಗಗಳು ಥಳಥಳಿಸಿದವು. ಲೋಳೆಯ ಚೀಲವೆಂದು ತಿಳಿದಿದ್ದುದರೊಳಗೆ ಇಂಥ ಕಟ್ಟೋಣವಿದ್ದಿತು! ಹಿಂದಿನವರಿಗೆ ಇದು ಕಾಣದೆಹೋದುದಕ್ಕೆ ಕಾರಣವೂ ಉಂಟು. ಕೋಶವನ್ನು ಕೆಡದಂತೆ ಹಿಡಿದಿಡಲು ಅವರು ಬಳಸುತ್ತಿದ್ದ ಆಸ್ಮಿಯಮ್ ದ್ರಾವಣವೇ ಆಕ್ಟಿನ್ನಿನ ಎಳೆಗಳನ್ನು ಕಡಿದುಹಾಕುತ್ತಿದ್ದಿತು.

ಕೋಶದ ಅಸ್ಥಿಪಂಜರದಲ್ಲಿ ಮೂರು ಬಗೆಯ ಎಳೆಗಳಿವೆಯೆಂದು ಈಗ ತಿಳಿದಿದೆ. ಅವುಗಳಲ್ಲಿ ಅತ್ಯಂತ ಸಣ್ಣವು ಆಕ್ಟಿನ್ನಿನವು. ದಪ್ಪ ಸುಮಾರು ಏಳು ನ್ಯಾನೋಮೀಟರು, ಎಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಏಳು ಪಾಲು. ೩೭೫ ಅಮೈನೋ ಆಮ್ಲಗಳು ಸೇರಿ ಆಕ್ಟಿನ್ನಿನ ಒಂದು ಮಣಿಯಾಗುತ್ತದೆ. ಮಣಿಗಳು ಒಂದಕ್ಕೊಂದು ಕಚ್ಚಿಕೊಂಡು, ಎರಡು ಸರಗಳು ಹೆಣೆದುಕೊಂಡಂತೆ ಕಾಣುವ ಹುರಿಯಾಗುತ್ತವೆ. ಈ ಹುರಿಗೆ ಎರಡು ತುದಿಗಳು. ಒಂದು ತುದಿಯಲ್ಲಿ ಹೊಸ ಮಣಿಗಳು ಬೇಗಬೇಗನೆ ಬಂದು ಸೇರುತ್ತವೆ. ಇನ್ನೊಂದು ತುದಿಯಲ್ಲಿ ಹಳೆಯ ಮಣಿಗಳು ಕಳಚಿಕೊಳ್ಳುತ್ತವೆ. ಸೇರುವುದೂ ಕಳಚುವುದೂ ಸಮನಾದಾಗ ಹುರಿಯ ಉದ್ದವು ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಅದರಲ್ಲಿ ಮೊದಲಿದ್ದ ಮಣಿ ಒಂದೂ ಉಳಿದಿರುವುದಿಲ್ಲ. ಈ ನಡೆಯನ್ನು ೧೯೭೬ರಲ್ಲಿ ವೆಗ್ನರ್ ಎಂಬ ಜರ್ಮನ್ ವಿಜ್ಞಾನಿ ವಿವರಿಸಿದನು. ಪ್ರತಿಯೊಂದು ಮಣಿಯೂ ಬರುವಾಗ ತನ್ನೊಡನೆ ಎ.ಟಿ.ಪಿ.ಯ ಒಂದು ಅಣುವನ್ನು ಹೊತ್ತು ತರುತ್ತದೆ. ಹುರಿಯಲ್ಲಿ ಸೇರಿದ ಮೇಲೆ ಅದು ಒಡೆಯುತ್ತದೆ. ಒಡೆದ ಮೇಲೆ ಮಣಿಯ ಹಿಡಿತ ಸಡಿಲವಾಗುತ್ತದೆ. ಬಿಡುವ ಗಳಿಗೆಯನ್ನು ಸೇರುವಾಗಲೇ ಕಟ್ಟಿಕೊಂಡು ಬಂದಂತಾಯಿತು.

ಆದಕಾರಣ ಕೋಶವನ್ನು ಕಲ್ಲುಕಂಬದ ಮಂಟಪಕ್ಕೆ ಹೋಲಿಸುವುದಕ್ಕಿಂತ ಮದುವೆಯ ಚಪ್ಪರಕ್ಕೆ ಹೋಲಿಸುವುದು ಯುಕ್ತ. ಚಪ್ಪರಕ್ಕೆ ಬೇಕಾದ ಗಳುಗಳೂ ಹಗ್ಗಗಳೂ ಊರಿನಲ್ಲಿ ಸಿದ್ಧವಾಗಿರುತ್ತವೆ. ಇಂದು ಮೇಲಿನ ಬೀದಿಯ ಮನೆಯ ಮುಂದೆ ನಿಂತುದು ನಾಳೆ ಕೆಳಗಿನ ಬೀದಿಯಲ್ಲಿ ನಿಲ್ಲುತ್ತದೆ. ಬಿಚ್ಚಲು ಬಾರದಂತೆ ಮೊಳೆ ಹೊಡೆದರೆ ಊರಿಗೆ ಒಂದೇ ಮದುವೆಯಾದೀತು. ಮಗುವಿನ ಮೊಣಕಾಲು ತರೆದು ಗಾಯವಾದಾಗ, ಗಾಯದ ಅಂಚಿನ ಕೋಶಗಳು ತಮ್ಮ ಮುಂಭಾಗದಲ್ಲಿ ಆಕ್ಟಿನ್ನಿನ ದಟ್ಟವಾದ ಹೆಣಿಗೆಯನ್ನು ಕಟ್ಟಿ ಪೊರೆಯನ್ನು ಮುಂದಕ್ಕೆ ನೂಕಿ, ಹಿಂದಿನದನ್ನು ಬಿಚ್ಚಿ, ಮತ್ತೆ ಮುಂದೆ ಕಟ್ಟಿ, ಹೀಗೆ ತೆವಳಿ ಬಂದು ಹಳ್ಳವನ್ನು ಮುಚ್ಚುತ್ತವೆ. ಒಂದು ಕೋಶವು ಎರಡಾಗುವಾಗ ಅದರ ನಡುವಿಗೆ ಆಕ್ಟಿನ್ ಒಂದು ಉಡಿದಾರವಾಗಿ ಬಿಗಿದು, ಮಯೋಸಿನ್ನಿನ ಎಳೆತದಿಂದ ಕುಗ್ಗುತ್ತ, ಕೋಶವನ್ನು ಎರಡು ಪಾಲು ಮಾಡಿ, ಕೆಲಸ ಮುಗಿದೊಡನೆ ಕರಗಿಹೋಗುತ್ತದೆ.

ಬಿಚ್ಚುವಿಕೆಯು ಕಟ್ಟುವಿಕೆಯಷ್ಟೇ ಅವಶ್ಯವೆಂಬುದಕ್ಕೆ ಎರಡು ವಿಷಗಳು ಸಾಕ್ಷಿ. ಕೆಲವು ಬೂಷ್ಟುಗಳಲ್ಲಿರುವ ಸೈಟೋಕಲಾಸಿನ್ ಎಂಬ ವಿಷವು ಹುರಿಯ ಬೆಳೆಯುವ ತುದಿಯನ್ನು ಮುಚ್ಚಿ ಹೊಸ ಮಣಿಗಳು ಸೇರದಂತೆ ಮಾಡುತ್ತದೆ. ಕೋಶದ ಕಟ್ಟು ಕುಸಿಯುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು, ಯೂರೋಪಿನ ಕಾಡುಗಳಲ್ಲಿ ಬೆಳೆಯುವ ಅಮಾನಿಟಾ ಫ್ಯಾಲಾಯ್ಡಿಸ್ ಎಂಬ ಮಾರಕವಾದ ಅಣಬೆಯಲ್ಲಿರುವ ಫ್ಯಾಲಾಯ್ಡಿನ್. ಆ ಅಣಬೆಯನ್ನು ತಿಂದವರನ್ನು ಕೊಲ್ಲುವುದು ಮುಖ್ಯವಾಗಿ ಅದರಲ್ಲಿರುವ ಬೇರೊಂದು ವಿಷ. ಆದರೆ ಫ್ಯಾಲಾಯ್ಡಿನ್ ರಕ್ತಕ್ಕೆ ಸೇರಿದರೆ ಅದೂ ಯಕೃತ್ತನ್ನು ಹಾಳುಮಾಡುವುದು. ಅದು ಮಾಡುವುದಿಷ್ಟೆ: ಆಕ್ಟಿನ್ನಿನ ಮಣಿಗಳ ನಡುವೆ ಹೊಕ್ಕು, ಅವು ಒಂದನ್ನೊಂದು ಬಿಡದಂತೆ ಭದ್ರಪಡಿಸುತ್ತದೆ. ಅದು ಒಂದು ಕಂಬವನ್ನೂ ಮುರಿಯುವುದಿಲ್ಲ, ಎಲ್ಲ ಕಂಬಗಳನ್ನೂ ಗಟ್ಟಿಮಾಡುತ್ತದೆ. ಗಟ್ಟಿಯಾದ ಕೋಶವು ಸಾಯುತ್ತದೆ. ಈ ವಿಷವು ಈಗ ಒಂದು ಉಪಕಾರವನ್ನೂ ಮಾಡುತ್ತಿದೆ. ಹೊಳೆಯುವ ಬಣ್ಣವನ್ನು ಅದಕ್ಕೆ ಅಂಟಿಸಿ, ಕೋಶದೊಳಗೆ ಆಕ್ಟಿನ್ ಎಲ್ಲೆಲ್ಲಿದೆಯೆಂದು ನೋಡುವುದಕ್ಕೆ ಲೋಕದ ಪ್ರಯೋಗಶಾಲೆಗಳವರು ದೀಪದಂತೆ ಬಳಸುತ್ತಾರೆ.

ಸಿದ್ಧವಾಗಿರುವ ಮರಮುಟ್ಟಿಗೆ ಕಳ್ಳರೂ ಇರುವುದು ಲೋಕರೂಢಿ. ಕೆಟ್ಟ ಆಹಾರದ ಮೂಲಕ ದೇಹವನ್ನು ಹೊಗುವ ಲಿಸ್ಟೀರಿಯಾ ಎಂಬ ರೋಗಾಣುವಿಗೆ, ಕೋಶದೊಳಗೆ ಸೇರಿದ ಮೇಲೆ ಓಡಾಡಲು ತನ್ನದೆಂಬ ಸಾಧನವಿಲ್ಲ. ಅದು ಮನೆಯವರ ಆಕ್ಟಿನ್ನನ್ನೇ ತನ್ನ ಬೆನ್ನಿನ ಹಿಂದೆ ಕಟ್ಟಿಸಿಕೊಂಡು, ಆ ನೂಕುಬಲದಿಂದ ಧೂಮಕೇತುವಿನಂತೆ ಬಾಲವೆತ್ತಿ ಸಾಗಿ, ನೆರೆಯ ಕೋಶಕ್ಕೆ ನುಗ್ಗುತ್ತದೆ. ಇದನ್ನು ೧೯೮೯ರಲ್ಲಿ ಅಮೆರಿಕದ ಟಿಲ್ನಿ ಮತ್ತು ಪೋರ್ಟ್‌ನಾಯ್ ಎಂಬವರು ಚಿತ್ರಸಹಿತವಾಗಿ ಬಣ್ಣಿಸಿದರು. ಮನೆಯವರೇ ತಪ್ಪು ಮರಮುಟ್ಟು ಪಡೆದು ಹುಟ್ಟುವುದೂ ಉಂಟು. ಸ್ನಾಯುವಿನ ಆಕ್ಟಿನ್ನಿನ ಜೀನಿನಲ್ಲಿ ಒಂದು ಅಕ್ಷರ ತಪ್ಪಿದರೂ ಕೆಲವು ಶಿಶುಗಳು ತಲೆಯೆತ್ತಲಾರದಷ್ಟು, ಉಸಿರಾಡಲು ಕಷ್ಟಪಡುವಷ್ಟು ಬಲಹೀನವಾಗಿ ಜನಿಸುತ್ತವೆಂದು ೧೯೯೯ರಲ್ಲಿ ಕಂಡುಬಂದಿತು. ಪ್ರಕೃತಿಯು ಈ ಮಣಿಯನ್ನು ಎಷ್ಟು ಎಚ್ಚರದಿಂದ ಕಾಯ್ದುಕೊಂಡು ಬಂದಿದೆಯೆಂಬುದಕ್ಕೆ ಒಂದು ಲೆಕ್ಕ ಸಾಕು: ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ಆಕ್ಟಿನ್ನಿಗೂ ಮನುಷ್ಯನ ಆಕ್ಟಿನ್ನಿಗೂ ನೂರಕ್ಕೆ ೮೫ಕ್ಕಿಂತ ಹೆಚ್ಚು ಭಾಗ ಒಂದೇ. ಹುರಿಯೊಳಗಿನ ಮಣಿಗಳು ಗಳಿಗೆಗೊಮ್ಮೆ ಬದಲಾಗುತ್ತವೆ. ಮಣಿಯ ಅಚ್ಚು ಮಾತ್ರ ನೂರಾರು ಕೋಟಿ ವರ್ಷಗಳಿಂದ ಬಹುಮಟ್ಟಿಗೆ ಹಾಗೆಯೇ ಇದೆ.

ಸೆಗೆಡ್ಡಿನವರ ಕಥೆ ಬೇರೆಬೇರೆ ದಾರಿ ಹಿಡಿಯಿತು. ಬಾಂಗಾ ಬುಡಾಪೆಸ್ಟಿಗೆ ಹೋಗಿ, ೧೯೪೯ರಲ್ಲಿ ಪತಿಯಾದ ಯೋಝೆಫ್ ಬಾಲೋನೊಡನೆ, ರಕ್ತನಾಳಗಳಿಗೆ ಹಿಗ್ಗುವ ಗುಣವನ್ನು ಕೊಡುವ ನಾರನ್ನು ಕರಗಿಸುವ ಒಂದು ಕಿಣ್ವವನ್ನು ಕಂಡುಹಿಡಿದಳು. ಸ್ಟ್ರೌಬ್ ತನ್ನ ದೇಶದಲ್ಲಿಯೇ ಉಳಿದು, ಮುಪ್ಪಿನಲ್ಲಿ, ೧೯೮೮ರಿಂದ ೧೯೮೯ರವರೆಗೆ, ಹಂಗೆರಿಯ ರಾಷ್ಟ್ರಾಧ್ಯಕ್ಷ ಮಂಡಲಿಯ ಅಧ್ಯಕ್ಷನಾಗಿದ್ದನು. ನಲವತ್ತು ವರ್ಷಗಳ ರಾಜ್ಯವ್ಯವಸ್ಥೆಯೊಂದು ಕಳಚಿ ಬೀಳುತ್ತಿದ್ದ ದಿನಗಳವು. ಸೆಂಟ್ ಗ್ಯೋರ್ಗಿ ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿ, ವುಡ್ಸ್ ಹೋಲ್ ಎಂಬ ಕಡಲತಡಿಯ ಊರಿನಲ್ಲಿ ನೆಲಸಿದನು. ೧೯೬೩ರಲ್ಲಿ ಆತನ ಪತ್ನಿಯು ಅರ್ಬುದರೋಗದಿಂದ ತೀರಿಕೊಂಡಳು. ಕೆಲವು ವರ್ಷಗಳ ತರುವಾಯ ಒಬ್ಬಳೇ ಮಗಳೂ ಅದೇ ರೋಗಕ್ಕೆ ತುತ್ತಾದಳು. ವೃದ್ಧನು ತನ್ನ ಉಳಿದ ಬಲವನ್ನೆಲ್ಲ ಆ ರೋಗದ ಶೋಧನೆಗೆ ಮುಡಿಪಾಗಿಟ್ಟು, ಅದರ ಮೂಲವು ಎಲೆಕ್ಟ್ರಾನುಗಳ ಚಲನೆಯಲ್ಲಿರಬಹುದೆಂದು ಕೊನೆಯವರೆಗೂ ಹುಡುಕಿದನು. ಆ ಹುಡುಕಾಟ ಫಲಿಸಲಿಲ್ಲ. ಅರ್ಬುದದ ಕೋಶವು ತನ್ನ ಗೂಡನ್ನು ಬಿಟ್ಟು ದೇಹದ ಬೇರೆ ಕಡೆಗೆ ತೆವಳಿಹೋಗುವುದು ಆಕ್ಟಿನ್ನಿನ ನೆರವಿನಿಂದಲೇ ಎಂಬುದು ಈಗ ಚೆನ್ನಾಗಿ ತಿಳಿದಿದೆ. ಮಗುವಿನ ಮೊಣಕಾಲಿನ ಗಾಯವನ್ನು ಮುಚ್ಚಲು ಬರುವ ನಡಿಗೆಯೂ ತಾಯಿಯ ಪ್ರಾಣವನ್ನು ಕೊಂಡೊಯ್ಯಲು ಬರುವ ನಡಿಗೆಯೂ ಒಂದೇ ಮರಮುಟ್ಟಿನವು. ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಮಾತ್ರ ತಡೆಯುವ ಉಪಾಯವು ಇನ್ನೂ ವೈದ್ಯರ ಕೈಗೆ ಸಿಕ್ಕಿಲ್ಲ. ಫ್ಯಾಲಾಯ್ಡಿನ್ನಿನಂತೆ ಎಲ್ಲವನ್ನೂ ಬಿಗಿದುಹಾಕಿದರೆ ರೋಗದ ಜೊತೆಗೆ ರೋಗಿಯೂ ಹೋದಾನು.

ಸೆಂಟ್ ಗ್ಯೋರ್ಗಿ ೧೯೮೬ರಲ್ಲಿಯೂ ಸ್ಟ್ರೌಬ್ ೧೯೯೬ರಲ್ಲಿಯೂ ಕಾಲವಾದರು. ಬಾಂಗಾಳೂ ಇಲ್ಲ. ಆದರೆ ಆಕ್ಟಿನ್ನಿನ ಮೇಲೆ ಕೆಲಸ ಮಾಡಲು ಹೊಸದಾಗಿ ಬರುವ ವಿದ್ಯಾರ್ಥಿಗೆ, ಯಾವ ದೇಶದ ಪ್ರಯೋಗಶಾಲೆಯಲ್ಲೇ ಆಗಲಿ, ಇಂದಿಗೂ ಮೊದಲು ಕಲಿಸುವ ಕೆಲಸಗಳಲ್ಲೊಂದು ಇದು: ಮೊಲದ ಮಾಂಸವನ್ನು ಅರೆಯುವುದು, ಮಯೋಸಿನ್ನನ್ನು ತೊಳೆದು ತೆಗೆಯುವುದು, ಉಳಿದುದನ್ನು ಅಸಿಟೋನಿನಲ್ಲಿ ಒಣಗಿಸಿ ಪುಡಿಮಾಡಿಟ್ಟುಕೊಳ್ಳುವುದು. ೧೯೪೨ರಲ್ಲಿ, ಹೊರಲೋಕದ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ, ಟೀಸಾ ನದಿಯ ದಂಡೆಯ ಮೇಲೆ ಇಪ್ಪತ್ತೆಂಟು ವರ್ಷದ ತರುಣನೊಬ್ಬನು ಮಾಡಿದ ರೀತಿಯೇ ಅದು. ಕೈಗಳು ಬದಲಾಗಿವೆ, ಕೆಲಸವು ಒಂದರ ಕೈಯಿಂದ ಮತ್ತೊಂದರ ಕೈಗೆ ಸಾಗುತ್ತಲೇ ಇದೆ.